ಕಲ್ಪನಾ ಯಾರಿಂದ ಕೆಟ್ಟಳು ಎಂದು ಕೇಳುವ ಮೊದಲು

ನಮ್ಮ ಸಂಘದ ಸಭೆ ಪ್ರತಿ ಮಂಗಳವಾರ ಸಂಜೆ. ಕೆಲಸದಿಂದ ನಿವೃತ್ತಳಾದ ಮೇಲೆ ಅಲ್ಲಿಯ ಲೆಕ್ಕದ ಪುಸ್ತಕ ಬರೆಯುವುದು ನನ್ನ ಪಾಲಿಗೆ ಬಂದಿದೆ. ಹೋದ ತಿಂಗಳು ಒಂದು ಮಂಗಳವಾರ ಕಂತಿನ ಲೆಕ್ಕ ಮುಗಿದು, ಪಾಸ್‌ಬುಕ್ಕುಗಳನ್ನೆಲ್ಲ ಚೀಲಕ್ಕೆ ತುಂಬಿದ ಮೇಲೂ ಯಾರೂ ಏಳಲಿಲ್ಲ. ಹೊರಗೆ ಮಳೆ. ಮೊಳಕಾಲ್ಮೂರಿಗೆ ಮಳೆ ಬರುವುದೇ ಅಪರೂಪ. ಬಂದಾಗ ಕೂತು ನೋಡಬೇಕು. ಸದಸ್ಯೆಯೊಬ್ಬರ ಮಗಳು ಫೋನಿನಲ್ಲಿ ಹಳೆಯ ಹಾಡು ಹಚ್ಚಿದಳು. ಪುಟ್ಟ ಪರದೆಯ ಮೇಲೆ ನಟಿ ಕಲ್ಪನಾ. ಉದ್ದ ತೋಳಿನ ಕುಪ್ಪಸ, ದೊಡ್ಡ ಕುಂಕುಮ, ಆ ಕಣ್ಣು.

ಹದಿನೈದು ಜನ ಫೋನಿನ ಮೇಲೆ ಬಗ್ಗಿದರು. ಹಾಡು ಮುಗಿಯುವ ಮೊದಲೇ ಮಾತು ಶುರುವಾಯಿತು.

"ಎಂಥಾ ಹೆಣ್ಣು! ಗಂಡಸರನ್ನ ನಂಬಿ ಕೆಟ್ಟಳು."

"ಅವಳಿಗೇನಾಗಿತ್ತಕ್ಕ, ಹೆಂಡ್ತಿ ಇರೋನ ಹಿಂದೆ ಯಾಕೆ ಹೋಗ್ಬೇಕಿತ್ತು?"

"ಅವಳೇನು ಹೋಗಿದ್ದು, ಅವರೇ ಬೆಳೆಸಿದ್ರು, ಅವರೇ ಮುಗಿಸಿದ್ರು."

ಮೂರು ಮಾತು, ಮೂರರಲ್ಲೂ ಗಂಡಸರೇ. ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೂ ಗಂಟಲು ಕಟ್ಟಿತು. ಆದರೆ ಅದಕ್ಕಿಂತ ಹೆಚ್ಚಾಗಿ ಕಸಿವಿಸಿಯಾಯಿತು. ಯಾಕೆಂದರೆ ಅದೇ ಸಭೆಯಲ್ಲಿ, ಅರ್ಧ ಗಂಟೆ ಮೊದಲು, ಅದೇ ಹದಿನೈದು ಜನ ಒಂದು ಅರ್ಜಿಯನ್ನು ಬದಿಗಿಟ್ಟಿದ್ದರು. ಮಗ್ಗದ ಬೀದಿಯಲ್ಲಿ ಕಂಡಿಕೆ ಸುತ್ತುವ ಒಬ್ಬ ಹೆಣ್ಣುಮಗಳು ಸಂಘಕ್ಕೆ ಸೇರಬೇಕೆಂದು ಕೇಳಿದ್ದಳು. ವರದಕ್ಷಿಣೆಯ ಬಾಕಿ ತರಲಿಲ್ಲವೆಂದು ಗಂಡನ ಮನೆಯವರು ಹೊಡೆದು ವಾಪಸು ಕಳಿಸಿದವಳು. ತವರಿನಲ್ಲಿ ಅಣ್ಣ ಅತ್ತಿಗೆಯ ಮುಖ ನೋಡಿ ನೋಡಿ ಸಾಕಾಗಿ, ಈಗ ಬೇರೆ ಬಾಡಿಗೆ ಮನೆಯಲ್ಲಿದ್ದಾಳೆ. ಆ ಬಾಡಿಗೆಯನ್ನು ಹೆಂಡತಿ ಮಕ್ಕಳಿರುವ ಒಬ್ಬ ಗಂಡಸು ಕಟ್ಟುತ್ತಾನೆ ಎಂದು ಊರಿನ ಮಾತು. "ಅವಳು ಬಂದ್ರೆ ಸಂಘದ ಹೆಸರು ಕೆಡುತ್ತೆ ಮೇಡಂ" ಎಂದರು. ನಾನೂ ಆ ಹೊತ್ತಿಗೆ ಸುಮ್ಮನಿದ್ದೆ. ಲೆಕ್ಕದ ಪುಸ್ತಕದಲ್ಲಿ ತಲೆ ಹುದುಗಿಸಿಕೊಳ್ಳುವುದು ಸುಲಭ.

ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಗೆಳತಿಯರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಲ್ಪನಾ ಸತ್ತಾಗ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. 1979ರ ಮೇ ತಿಂಗಳು. ಅಂದಿನಿಂದ ಇಂದಿನವರೆಗೆ ಆಕೆಯ ಬಗ್ಗೆ ನಾನು ಓದಿದ ಲೇಖನಗಳಲ್ಲಿ ಬಹುಪಾಲಿಗೆ ಒಂದೇ ನಡಿಗೆ. ಮೊದಲು ಕೈಹಿಡಿದು ತಂದವನು ಯಾರು, ಬೆಳೆಸಿದವನು ಯಾರು, ಜೊತೆಯಲ್ಲಿ ನಟಿಸಿದವನು ಯಾರು, ಕೈಬಿಟ್ಟವನು ಯಾರು, ಕೊನೆಗೆ ಜೊತೆಗಿದ್ದವನು ಯಾರು. ಒಬ್ಬ ಹೆಣ್ಣಿನ ಇಡೀ ಬದುಕು ಗಂಡಸರ ಹಾಜರಿ ಪುಸ್ತಕವಾಗಿಬಿಡುತ್ತದೆ. ನಟರ ಬಗ್ಗೆ ಬರೆಯುವಾಗ ಹೀಗೆ ಬರೆಯುತ್ತಾರೆಯೇ? ಅವರ ಬದುಕನ್ನು ಪಾತ್ರ, ಸಾಧನೆ, ಅಭ್ಯಾಸ, ಆಸ್ತಿಪಾಸ್ತಿಗಳಿಂದ ಅಳೆಯುತ್ತಾರೆ. ಹೆಂಗಸರ ಹೆಸರು ಅಲ್ಲಿ ಅಡಿಗೆ ಮನೆಯಿಂದ ಇಣುಕಿದಂತೆ ಬಂದು ಹೋಗುತ್ತದೆ.

ಹಾಗೆಂದು ಆ ಗಂಡಸರು ಇರಲಿಲ್ಲ ಎನ್ನಲಾಗುವುದಿಲ್ಲ. ದಕ್ಷಿಣ ಕನ್ನಡದ ಶರತ್‌ಲತಾ ಎಂಬ ಹುಡುಗಿಯನ್ನು ನಿರ್ದೇಶಕ ಬಿ.ಆರ್. ಪಂತುಲು ಅವರಿಗೆ ಪರಿಚಯಿಸಿದವರು ಹಾಸ್ಯನಟ ನರಸಿಂಹರಾಜು. ಪಂತುಲು ಅವರ 'ಸಾಕು ಮಗಳು' 1963ರಲ್ಲಿ ಬಂತು. ಶರತ್‌ಲತಾ ಕಲ್ಪನಾ ಆದಳು. ಆ ಕಾಲದಲ್ಲಿ ಬಾಗಿಲು ತೆಗೆಯುವ ಕೀಲಿ ಇದ್ದದ್ದೇ ಗಂಡಸರ ಕೈಯಲ್ಲಿ. ನಿರ್ಮಾಪಕ, ನಿರ್ದೇಶಕ, ಹಂಚಿಕೆದಾರ, ಟಾಕೀಸಿನ ಮಾಲೀಕ, ಕೊನೆಗೆ ವಿಮರ್ಶೆ ಬರೆಯುವವನು ಕೂಡ. ಆದ್ದರಿಂದ "ಅವಳನ್ನು ಇಂಥವರು ಬೆಳಕಿಗೆ ತಂದರು" ಎನ್ನುವಾಗ, ಕತ್ತಲೆಯಲ್ಲಿ ಕೂರಿಸಿದ್ದವರು ಯಾರು ಎಂದೂ ಒಂದು ಮಾತು ಕೇಳಿಕೊಳ್ಳಬೇಕು. ನರಸಿಂಹರಾಜು ಅವರ ಬಗ್ಗೆ ನನಗೆ ಗೌರವವೇ ಇದೆ. ಬಾಗಿಲು ತೋರಿಸಿ ಪಕ್ಕಕ್ಕೆ ಸರಿದವರು, ಅಂಥವರು ಕಡಿಮೆ.

ಪಂತುಲು ಅವರಲ್ಲಿ ಸಹಾಯಕರಾಗಿ ದುಡಿದವರು ಎಸ್.ಆರ್. ಪುಟ್ಟಣ್ಣ ಕಣಗಾಲ್. ಅವರು ಕನ್ನಡದಲ್ಲಿ ಮೊದಲು ನಿರ್ದೇಶಿಸಿದ 'ಬೆಳ್ಳಿಮೋಡ' 1967ರಲ್ಲಿ ಬಂತು, ನಾಯಕಿ ಕಲ್ಪನಾ. ಆಮೇಲೆ 'ಕಪ್ಪು ಬಿಳುಪು', 'ಗೆಜ್ಜೆಪೂಜೆ', 'ಕರುಳಿನ ಕರೆ', 1971ರ 'ಶರಪಂಜರ'. ಇವರಿಬ್ಬರ ಆಪ್ತತೆಯ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದಿವೆ; ಮತ್ತೆ ಇಲ್ಲಿ ಅದನ್ನೇ ಅಗಿಯಬೇಕಾಗಿಲ್ಲ. ಪುಟ್ಟಣ್ಣನವರಿಗೆ ಸಂಸಾರವಿತ್ತು. 'ಶರಪಂಜರ'ದ ನಂತರ ಅವರ ಚಿತ್ರಗಳಿಗೆ ಬೇರೆ ನಾಯಕಿಯರು ಬಂದರು, ಕಲ್ಪನಾ ಬರಲಿಲ್ಲ. ಪುಟ್ಟಣ್ಣನವರನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಹೆಣ್ಣಿನ ಮನಸ್ಸನ್ನು ಕಥೆಯ ನಡುಮನೆಯಲ್ಲಿ ಕೂರಿಸಿದ ನಿರ್ದೇಶಕ ಅವರು. ಆದರೆ ಒಂದು ಲೆಕ್ಕ ನೋಡಿ. ಜೋಡಿ ಮುರಿದಾಗ ಅವರು ನಿರ್ದೇಶಕರಾಗಿಯೇ ಉಳಿದರು. 1972ರಲ್ಲೇ ಹೊಸ ಚಿತ್ರ, ಹೊಸ ನಾಯಕಿ, ಹೊಸ ಹೆಸರು. ಆಕೆಗೆ ಮಾತ್ರ "ಪುಟ್ಟಣ್ಣ ಬಿಟ್ಟ ಮೇಲೆ" ಎಂಬ ಬಾಲ ಅಂಟಿತು. ಆಮೇಲೂ ಆಕೆ 1974ರಲ್ಲಿ 'ಎರಡು ಕನಸು', 1976ರಲ್ಲಿ 'ಬಯಲು ದಾರಿ' ಮಾಡಿದ್ದಾಳೆ, ಎರಡೂ ದೊರೆ-ಭಗವಾನ್ ನಿರ್ದೇಶನದವು, ಎರಡನ್ನೂ ಜನ ಇಂದಿಗೂ ನೋಡುತ್ತಾರೆ. ಆದರೂ ಆ ಬಾಲ ಬೀಳಲಿಲ್ಲ. ಗಂಡ ಬಿಟ್ಟವಳು ಎಂಬ ಮಾತು ನಮ್ಮ ಬೀದಿಗಳಲ್ಲಿ ಹೇಗೆ ಅಂಟುತ್ತದೋ ಹಾಗೆಯೇ.

ಈಗ ಯಾರೂ ಹೆಚ್ಚು ಹೇಳದ ಇನ್ನೊಂದು ಸಾಲಿಗೆ ಬರುತ್ತೇನೆ. 'ಬೆಳ್ಳಿಮೋಡ'ದ ಕಥೆ ಯಾರದು? ತ್ರಿವೇಣಿಯವರದು. 'ಶರಪಂಜರ' ಯಾರದು? ತ್ರಿವೇಣಿಯವರದು. ವಿಧವೆಯ ಮರುಮದುವೆಯ ಮಾತೆತ್ತಿದ, ಎಂ.ಆರ್. ವಿಠಲ್ ನಿರ್ದೇಶಿಸಿದ 'ಹಣ್ಣೆಲೆ ಚಿಗುರಿದಾಗ'? ಅದೂ ತ್ರಿವೇಣಿಯವರದೇ. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರ ಕಾದಂಬರಿ. 'ಎರಡು ಕನಸು' ವಾಣಿ ಅವರದು. ಕಲ್ಪನಾಳನ್ನು ಮಿನುಗುತಾರೆ ಮಾಡಿದ ಪಾತ್ರಗಳನ್ನು ಒಂದೊಂದಾಗಿ ಎಣಿಸಿ ನೋಡಿ, ಅವುಗಳಲ್ಲಿ ಹೆಚ್ಚಿನವನ್ನು ಹೆತ್ತವರು ಹೆಂಗಸರು. ತೀರ್ಥಹಳ್ಳಿ ಸೀಮೆಯ ಇಂದಿರಾ ಅವರಿಗೆ ಹನ್ನೆರಡನೇ ವಯಸ್ಸಿಗೆ ಮದುವೆಯಾಗಿತ್ತು, ಶಾಲೆಯ ಓದು ಮಾಧ್ಯಮಿಕದಲ್ಲೇ ನಿಂತಿತ್ತು. ಕಾದಂಬರಿ ಬರೆಯಲು ಕೂತದ್ದು ನಲವತ್ತು ದಾಟಿದ ಮೇಲೆ. ನಮ್ಮ ಸಂಘದಲ್ಲಿ ನಲವತ್ತಕ್ಕೆ "ಇನ್ನೇನು ಕಲಿಯೋದು ಮೇಡಂ" ಎನ್ನುವವರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಹೆರಿಗೆಯಾದ ಕೆಲವೇ ದಿನಗಳಲ್ಲಿ, 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅದೇ ವರ್ಷ ಕಲ್ಪನಾ ಚಿತ್ರರಂಗಕ್ಕೆ ಬಂದದ್ದು. ಅಂದರೆ ತನ್ನ ಕಾವೇರಿ, ತನ್ನ ಇಂದಿರಾ ಪರದೆಯ ಮೇಲೆ ಓಡಾಡಿದ್ದನ್ನು ಬರೆದಾಕೆ ನೋಡಲೇ ಇಲ್ಲ.

'ಬೆಳ್ಳಿಮೋಡ'ವನ್ನು ನಮ್ಮ ಸಂಘದ ಹೆಂಗಸರಿಗೆ ಒಮ್ಮೆ ಕೂರಿಸಿ ತೋರಿಸಬೇಕೆಂದು ನನ್ನ ಆಸೆ. ಯಾಕೆಂದರೆ ಅದು ವರದಕ್ಷಿಣೆಯ ಕಥೆ. ಆ ಶಬ್ದವನ್ನು ನೇರ ಹೇಳದಿದ್ದರೂ ಅದರದೇ ಕಥೆ. ಇಂದಿರಾ ತೋಟದ ಸಾಹುಕಾರರ ಒಬ್ಬಳೇ ಮಗಳು. ಮೋಹನ ಅವಳನ್ನು ಒಪ್ಪುತ್ತಾನೆ, ಮಾವನಾಗುವವರ ದುಡ್ಡಿನಲ್ಲಿ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ, ಮೋಹನನ ಪ್ರೀತಿ ಇಳಿಯಿತು! ಮುಂದೆ ಅದೇ ಮೋಹನ ಕಾಲು ಮುರಿದುಕೊಂಡು ಅದೇ ಮನೆಯಲ್ಲಿ ಮಲಗಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಮತ್ತೆ ತಿರುಗುತ್ತದೆ. ಆಗ ಅವಳು ಒಲ್ಲೆ ಎನ್ನುತ್ತಾಳೆ. ವರದಕ್ಷಿಣೆ ನಿಷೇಧ ಕಾಯಿದೆ ಬಂದು ಆಗ ಆರು ವರ್ಷವಾಗಿತ್ತು, 1961ರದು ಅದು. ಕಾಯಿದೆ ಪುಸ್ತಕ ಯಾವ ಹುಡುಗಿಯ ಕೈಗೆ ಬಂದಿತ್ತೋ ಗೊತ್ತಿಲ್ಲ, ಕಲ್ಪನಾಳ ಆ 'ಒಲ್ಲೆ' ಮಾತ್ರ ಊರೂರಿನ ಟೆಂಟುಗಳಿಗೆ ಬಂತು. ಗಂಡು ಬೇಡ ಎಂದರೆ ಹೆಣ್ಣಿನ ಕಡೆಯವರು ಕಾಲು ಹಿಡಿಯಬೇಕು ಎಂದಷ್ಟೇ ಗೊತ್ತಿದ್ದ ನಮಗೆ, ಹೆಣ್ಣೂ ಬೇಡ ಎನ್ನಬಹುದು ಎಂಬುದು ಹೊಸ ಪಾಠ.

'ಗೆಜ್ಜೆಪೂಜೆ' ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೂಡ್ಲಿಗಿ, ಬಳ್ಳಾರಿ ಸೀಮೆಯ ಬಸವಿಯರ ಕಥೆ ಗೊತ್ತಿರುವ ಊರುಗಳು ನಮ್ಮವು. ಓದಬೇಕು, ಮದುವೆಯಾಗಿ ಎಲ್ಲರಂತೆ ಬಾಳಬೇಕು ಎನ್ನುವ ಹುಡುಗಿಯನ್ನು ಹುಟ್ಟಿದ ಮನೆಯ ಹೆಸರು ಹೇಗೆ ಬೆನ್ನಟ್ಟಿ ಹಿಡಿಯುತ್ತದೆ ಎಂಬುದೇ ಆ ಚಿತ್ರ. ಅದಾಗಿ ಹತ್ತು ವರ್ಷದ ಮೇಲೆ, 1982ರಲ್ಲಿ, ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನನ್ನು ನಮ್ಮ ರಾಜ್ಯ ಮಾಡಿತು.

'ಶರಪಂಜರ' ನಾನು ನೋಡಿದ್ದು ಟೂರಿಂಗ್ ಟಾಕೀಸಿನಲ್ಲಿ. ನಾನಾಗ ಹೈಸ್ಕೂಲು. ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ನಮ್ಮ ಟೆಂಟಿಗೆ ಬರುವ ಹೊತ್ತಿಗೆ ರೀಲು ಸವೆದು ಮಳೆ ಸುರಿದಂತೆ ಕಾಣುತ್ತಿತ್ತು. ಹೊತ್ತು ಮುಳುಗಿ ಮೈಕಿನಲ್ಲಿ ದೇವರ ಹಾಡು ಹಾಕಿದರೆ ಅಡಿಗೆ ಅಲ್ಲಲ್ಲೇ ಬಿಟ್ಟು ಹೆಂಗಸರು ಚಾಪೆ ಹಿಡಿದು ಹೊರಡುತ್ತಿದ್ದರು. ನೆಲದಲ್ಲಿ ಹೆಂಗಸರ ಕಡೆ, ಗಂಡಸರ ಕಡೆ ಎಂದು ನಡುವೆ ಅಡ್ಡ. ಆ ರಾತ್ರಿ ಹೆಂಗಸರ ಕಡೆ ಅತ್ತದ್ದು ಅಷ್ಟಿಷ್ಟಲ್ಲ. ಕಾವೇರಿ ಬಾಣಂತನದಲ್ಲಿ ಮನಸ್ಸಿನ ಕಾಯಿಲೆಗೆ ಬೀಳುತ್ತಾಳೆ. ಆಸ್ಪತ್ರೆಗೆ ಹೋಗಿ ಗುಣವಾಗಿ ಬರುತ್ತಾಳೆ. ಬಂದ ಮೇಲೆ ನೆರೆಹೊರೆ, ನೆಂಟರು, ಕೆಲಸದವರು, ಗಂಡ, ಎಲ್ಲರ ಕಣ್ಣಲ್ಲೂ ಅವಳು ಹುಚ್ಚಿಯೇ. ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಕೋಪ ಬಂದರಂತೂ ಹುಚ್ಚು. ಗಂಡ ಮಾತ್ರ ಕಚೇರಿಯ ಇನ್ನೊಬ್ಬಳ ಜೊತೆ ಸಂಬಂಧ ಇಟ್ಟುಕೊಂಡರೂ ಅವನ ಮರ್ಯಾದೆಗೆ ಕುಂದಿಲ್ಲ.

ಅತ್ತು ಮನೆಗೆ ಬಂದೆವು. ನಮ್ಮ ಮನೆಯಿಂದ ನಾಲ್ಕನೇ ಬಾಗಿಲಲ್ಲಿ ಒಬ್ಬ ಬಾಣಂತಿ ಇದ್ದಳು. ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ, ರಾತ್ರಿಯೆಲ್ಲ ಎದ್ದು ಕೂರುತ್ತಿದ್ದಳು. ಗಾಳಿ ಹಿಡಿದಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆದರು. ಹೊಡೆಯುವಾಗ ಕೈ ಹಿಡಿದುಕೊಂಡವರಲ್ಲಿ ಟೆಂಟಿನಲ್ಲಿ ನನ್ನ ಪಕ್ಕ ಕೂತು ಅತ್ತವರೂ ಇದ್ದರು. ಅವಳ ಗಂಡ ವರ್ಷದೊಳಗೆ ಇನ್ನೊಂದು ಮದುವೆ ಮಾಡಿಕೊಂಡ, ಅದಕ್ಕೂ ನಾವೆಲ್ಲ ಊಟಕ್ಕೆ ಹೋಗಿದ್ದೆವು. ಐವತ್ತು ವರ್ಷವಾಯಿತು. ಪರದೆಯ ಮೇಲಿನ ಹೆಣ್ಣಿಗೆ ಅಳುವುದು ಬೇರೆ, ಬೀದಿಯ ಹೆಣ್ಣಿಗೆ ಬಾಗಿಲು ತೆಗೆಯುವುದು ಬೇರೆ ಎಂದು ನನಗೆ ತಿಳಿದದ್ದು ಆಗಲೇ. ಆದರೂ ಹೋದ ತಿಂಗಳು ಅರ್ಜಿ ಬದಿಗಿಟ್ಟಾಗ ಸುಮ್ಮನಿದ್ದೆ ನೋಡಿ.

ಪುಟ್ಟಣ್ಣನವರು ನಮ್ಮ ಜಿಲ್ಲೆಗೂ ಬಂದವರು. 'ನಾಗರಹಾವು' ಚಿತ್ರದುರ್ಗದ ಕೋಟೆಯಲ್ಲಿ ತೆಗೆದದ್ದು, 1972ರಲ್ಲಿ. ಕಾದಂಬರಿ ತ.ರಾ.ಸು. ಅವರದು, ಅವರ ಹೆಸರಿನ ಮೊದಲಕ್ಷರವೇ ಚಳ್ಳಕೆರೆ ತಾಲ್ಲೂಕಿನ ತಳುಕು. ನಮ್ಮ ಕಡೆಯ ಗಂಡಸರಿಗೆ ರಾಮಾಚಾರಿ ಎಂದರೆ ಈಗಲೂ ಮೀಸೆ ತಿರುವುವಷ್ಟು ಹೆಮ್ಮೆ. ಚಾಮಯ್ಯ ಮೇಷ್ಟ್ರು ಎಂದರೆ ಕೈ ಮುಗಿಯುತ್ತಾರೆ. ಮೇಷ್ಟ್ರ ಕೆಲಸವನ್ನೇ ಮಾಡಿದ ನಾನು ಒಂದು ಮಾತು ಹೇಳಿದರೆ ಬೇಸರ ಮಾಡಿಕೊಳ್ಳಬಾರದು. ಅಲಮೇಲುವನ್ನು ಬಿಟ್ಟುಕೊಡು ಎಂದು ಮೇಷ್ಟ್ರು ರಾಮಾಚಾರಿಗೆ ಹೇಳುತ್ತಾರೆ, ಅವನು ಗುರುವಿನ ಮಾತು ಮೀರದೆ ಬಿಟ್ಟುಕೊಡುತ್ತಾನೆ. ಇಬ್ಬರೂ ದೊಡ್ಡವರಾದರು. ಅಲಮೇಲು ಇನ್ನೊಬ್ಬನ ಕೈ ಸೇರಿ ಸೂಳೆಗೇರಿಯಲ್ಲಿ ಸಿಗುತ್ತಾಳೆ. ಅವಳನ್ನು ಒಂದು ಮಾತು ಕೇಳಿದವರಿಲ್ಲ. ಹೆಣ್ಣಿನ ಬದುಕಿನಲ್ಲಿ 'ಪ್ರಭಾವ ಬೀರಿದ ಗಂಡಸರು' ಎಂದರೆ ಕೆಟ್ಟವರೇ ಇರಬೇಕೆಂದಿಲ್ಲ. ಒಳ್ಳೆಯವರು, ಹಿತೈಷಿಗಳು, ಗುರುಗಳು ಕೂಡ ಅವಳ ಪರವಾಗಿ ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಚಿತ್ರ ಮಾಡಿದ ಪುಟ್ಟಣ್ಣನವರಿಗೆ ಇದು ತಿಳಿದಿತ್ತು ಎಂದೇ ನನ್ನ ಅನಿಸಿಕೆ. ಅಲಮೇಲುವಿನ ಗತಿ ನೋಡಿದ ರಾಮಾಚಾರಿ ಮೇಷ್ಟ್ರನ್ನು ಕೇಳುವ ಪ್ರಶ್ನೆಯೇ ಅದಕ್ಕೆ ಸಾಕ್ಷಿ.

ಕೊನೆಯ ದಿನಗಳಲ್ಲಿ ಕಲ್ಪನಾ ನಾಟಕಕ್ಕೆ ಹೋದಳು. ಗುಡಗೇರಿ ಬಸವರಾಜ್ ಅವರ ಕಂಪನಿಯೊಂದಿಗೆ ಉತ್ತರ ಕರ್ನಾಟಕದ ಊರುಗಳನ್ನು ಸುತ್ತುತ್ತಿದ್ದಳು. ನಾಟಕಕ್ಕೆ ಹೋದದ್ದನ್ನೇ 'ಪತನ' ಎಂದು ಬರೆದವರಿದ್ದಾರೆ. ಅದನ್ನು ಒಪ್ಪಲಾರೆ. ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದವರು ನಾವು. ತಗಡಿನ ಶೆಡ್ಡಿನಲ್ಲಿ, ಬೆಳಗಿನ ಜಾವದವರೆಗೆ, ಗಂಟಲು ಹರಿಯುವಂತೆ ಹಾಡಿ ನಟಿಸುವ ಹೆಣ್ಣುಮಕ್ಕಳು ಅವರು. ರಾತ್ರಿ ಒನ್ಸ್ ಮೋರ್ ಎಂದು ಕೂಗುವ ಊರೇ ಹಗಲು ಅವರಿಗೆ ಬಾಡಿಗೆ ಮನೆ ಕೊಡುತ್ತಿರಲಿಲ್ಲ. ನಾಚಿಕೆ ಪಡಬೇಕಾದದ್ದು ಊರು.

1979ರ ಮೇ ತಿಂಗಳ ಎರಡನೇ ವಾರ, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕಲ್ಪನಾ ಸತ್ತಳು. ತನ್ನ ಜೀವವನ್ನು ತಾನೇ ತೆಗೆದುಕೊಂಡಳು ಎಂದು ದಾಖಲಾಯಿತು. ಆಗ ವಯಸ್ಸು ಮೂವತ್ತೈದು. ಹಾಸ್ಟೆಲಿನಲ್ಲಿ ನಾವು ಹುಡುಗಿಯರು ಆ ದಿನ ಊಟ ಮಾಡಲಿಲ್ಲ. ಆದರೆ ಮರುದಿನದಿಂದಲೇ ಶುರುವಾಯಿತು ಪತ್ತೇದಾರಿಕೆ. ಯಾರಿಂದ, ಯಾಕೆ, ಆ ರಾತ್ರಿ ಯಾರಿದ್ದರು. ನಲವತ್ತೈದು ವರ್ಷ ದಾಟಿದರೂ ಆ ರುಚಿ ಮುಗಿದಿಲ್ಲ. ಆ ಮನಸ್ಸು ಎಷ್ಟು ದಿನದಿಂದ ನೋಯುತ್ತಿತ್ತು, ಯಾವ ವೈದ್ಯರ ಬಳಿ ಹೋಗಬಹುದಿತ್ತು, ಬೇಸರದ ರಾತ್ರಿ ಬಾಗಿಲು ತಟ್ಟಿದರೆ "ಬಾರೆ" ಎನ್ನುವ ಒಬ್ಬ ಹೆಂಗಸಾದರೂ ಆ ಊರುಗಳಲ್ಲಿ ಇದ್ದಳೇ, ಈ ಮೂರು ಪ್ರಶ್ನೆ ನಾನು ಓದಿದ ಲೇಖನಗಳಲ್ಲಿ ಕಾಣಲಿಲ್ಲ. ಬೆಳ್ಳಿತೆರೆಯ ಮೇಲೆ ಕಾವೇರಿಯಾಗಿ ಮನಸ್ಸಿನ ಕಾಯಿಲೆಯನ್ನು ಇಡೀ ನಾಡಿಗೆ ಅರ್ಥ ಮಾಡಿಸಿದವಳಿಗೇ ಹೀಗಾಯಿತು. ಇಂದು 14416 ಎಂಬ ನಂಬರಿಗೆ ಫೋನು ಮಾಡಿದರೆ ಮನಸ್ಸಿನ ನೋವು ಕೇಳುವವರು ಸಿಗುತ್ತಾರೆ, ಕನ್ನಡದಲ್ಲೇ, ದುಡ್ಡಿಲ್ಲದೆ. ಸಂಘದ ಪುಸ್ತಕದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಹೊಡೆತ ಬಡಿತಕ್ಕೆ 181.

ಎಲ್ಲ ನಟಿಯರ ಕಥೆಯೂ ಇದೇ ಎಂದುಕೊಳ್ಳಬೇಡಿ. ಹೊನ್ನಪ್ಪ ಭಾಗವತರ್ ಅವರ 1955ರ 'ಮಹಾಕವಿ ಕಾಳಿದಾಸ'ದಿಂದ ಬಂದ ಬಿ. ಸರೋಜಾದೇವಿಯವರ ಬೆನ್ನಿಗೆ ತಾಯಿ ರುದ್ರಮ್ಮ ಇದ್ದರು. ಮಗಳು ತೋಳಿಲ್ಲದ ಕುಪ್ಪಸ ತೊಡಕೂಡದು ಎನ್ನುವಷ್ಟು ಬಿಗಿ. (ಆ ಬಿಗಿ ನನಗೆ ಅಷ್ಟೇನೂ ಇಷ್ಟವಿಲ್ಲ, ಅದು ಬೇರೆ ಮಾತು.) 1967ರಲ್ಲಿ ಮದುವೆಯಾದ ಎಂಜಿನಿಯರ್ ಶ್ರೀಹರ್ಷ ಅವರು ಹೆಂಡತಿ ನಟಿಸುವುದನ್ನು ತಡೆಯಲಿಲ್ಲ. 1986ರಲ್ಲಿ ಅವರು ತೀರಿಕೊಂಡ ಮೇಲೂ ಸರೋಜಾದೇವಿ ನಟಿಸಿದರು, ಬದುಕಿದ್ದು 2025ರವರೆಗೆ. ಅದಕ್ಕೂ ಹಿಂದೆ ಎಂ.ವಿ. ರಾಜಮ್ಮ. 1936ರ 'ಸಂಸಾರ ನೌಕೆ'ಯ ನಾಯಕಿ. 1943ರಲ್ಲಿ ತಾನೇ 'ರಾಧಾರಮಣ' ಚಿತ್ರ ನಿರ್ಮಿಸಿ, ಕನ್ನಡದಲ್ಲಿ ನಿರ್ಮಾಪಕಿಯಾದ ಮೊದಲ ನಟಿ ಎನಿಸಿಕೊಂಡರು. ಕೀಲಿ ತನ್ನ ಸೊಂಟದಲ್ಲೇ ಇಟ್ಟುಕೊಂಡ ಹೆಂಗಸು. ನಮ್ಮ ಮಕ್ಕಳಿಗೆ ಇವರ ಹೆಸರೇ ಗೊತ್ತಿಲ್ಲ; ಗೋಟೂರಿನ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ಸತ್ತ ಹೆಣ್ಣಿನ ಕಥೆ ಬದುಕಿದ ಹೆಣ್ಣಿನ ಕಥೆಗಿಂತ ಹೆಚ್ಚು ಬಿಕರಿಯಾಗುತ್ತದೆ.

ಕಲ್ಪನಾಳ ಸೀರೆ, ಉಂಗುರ, ಬಳೆ, ಬೊಟ್ಟು ಎಲ್ಲವನ್ನೂ ಬಣ್ಣಿಸಿದ್ದಾರೆ. ಪಾಸ್‌ಬುಕ್ಕಿನ ಮಾತನ್ನು ನಾನು ಎಲ್ಲೂ ಓದಲಿಲ್ಲ. ಸಂಘದವರಿಗೆ ಈ ಪ್ರಶ್ನೆ ತಟ್ಟನೆ ಅರ್ಥವಾಗುತ್ತದೆ. ದುಡಿದದ್ದು ಯಾರು, ಎಣಿಸಿದ್ದು ಯಾರು? ನಮ್ಮೂರ ರೇಷ್ಮೆ ಸೀರೆಯನ್ನೇ ನೋಡಿ. ದೊಡ್ಡ ಅಂಚಿನ ಮೊಳಕಾಲ್ಮೂರು ಸೀರೆ ಎಂದರೆ ನಾಡಿಗೆಲ್ಲ ಗೊತ್ತು. ನೇಯುವವನ ಹೆಸರು ಒಂದಿಷ್ಟು ಜನಕ್ಕಾದರೂ ಗೊತ್ತಿರುತ್ತದೆ. ಬೆಳಗಿನಿಂದ ನೂಲು ಬಿಡಿಸಿ, ಕಂಡಿಕೆ ಸುತ್ತಿ ಲಾಳಿಗೆ ತುಂಬಿ ಕೊಡುವ ಹೆಂಡತಿ, ತಾಯಿ, ಮಗಳು ಮಜೂರಿಯ ಲೆಕ್ಕದಲ್ಲೇ ಇಲ್ಲ, ಅದು 'ಮನೆಗೆಲಸ'. ಮಗ್ಗ ಅವನ ಹೆಸರಿನಲ್ಲಿ, ಮಜೂರಿ ಅವನ ಕೈಗೆ.

ನಾನೇನು ಬೇರೆಯಲ್ಲ. ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. ನೌಕರಿಯ ಮೊದಲ ಹನ್ನೊಂದು ವರ್ಷ ನನ್ನ ಸಂಬಳದ ಪಾಸ್‌ಬುಕ್ಕು ಯಜಮಾನರ ಬೀರುವಿನಲ್ಲಿತ್ತು. ತಿಂಗಳ ಮೊದಲ ವಾರ ಹಣ ತೆಗೆಯುವ ಚೀಟಿಗಳಿಗೆ ಸಾಲಾಗಿ ಸಹಿ ಹಾಕಿ ಕೊಡುತ್ತಿದ್ದೆ. ಅವರು ಒಂದು ಏಟು ಹಾಕಿದವರಲ್ಲ, ಬೈದವರಲ್ಲ. ಬಸ್ಸಿನ ಚಾರ್ಜಿಗೆ ನಾನು ಕೇಳಬೇಕಿತ್ತು, ಅಷ್ಟೆ. ತರಗತಿಯಲ್ಲಿ ತ್ರಿವೇಣಿಯವರ ಕಾದಂಬರಿ ಪಾಠ ಮಾಡಿ, ಹೆಣ್ಣಿನ ಸ್ವಾತಂತ್ರ್ಯದ ಮೇಲೆ ನೋಟ್ಸ್ ಬರೆಸಿ, ಸಂಜೆ ಮನೆಗೆ ಬಂದು ಐದು ರೂಪಾಯಿ ಕೇಳುತ್ತಿದ್ದೆ. ತಂಗಿಯ ಗಂಡನ ಮನೆಯವರು ಅವಳನ್ನು ಅಟ್ಟಿದಾಗ, ಅವಳಿಗೆ ಕೊಡಲು ನನ್ನ ಕೈಯಲ್ಲಿ ನನ್ನದೇ ದುಡ್ಡು ಇರಲಿಲ್ಲ. ಆ ದಿನವೇ ಬೀರುವಿನ ಕೀಲಿ ಕೇಳಿದ್ದು. ಮೂರು ದಿನ ಮನೆಯಲ್ಲಿ ಮಾತಿರಲಿಲ್ಲ. ನಾಲ್ಕನೇ ದಿನ ಪಾಸ್‌ಬುಕ್ಕು ನನ್ನ ಕೈಚೀಲಕ್ಕೆ ಬಂತು. ಯಾರಾದರೂ ನನ್ನ ಬದುಕನ್ನು ಬರೆದರೆ "ಪತಿಯ ಪ್ರೋತ್ಸಾಹದಿಂದ" ಎಂದೇ ಶುರುಮಾಡುತ್ತಾರೆ. ಪ್ರೋತ್ಸಾಹ ಇತ್ತು, ಸುಳ್ಳಲ್ಲ.

ಕಾನೂನಿನ ಮಾತು ಒಂದಿಷ್ಟು. ಕಲ್ಪನಾ ಇದ್ದ ಕಾಲದಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆಂದೇ ಒಂದು ಕಾಯಿದೆ ಇರಲಿಲ್ಲ. 498ಎ ಕಲಂ ಬಂದದ್ದೇ 1983ರಲ್ಲಿ. 2024ರ ಜುಲೈಯಿಂದ ಅದು ಹೊಸ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ತಾಳಿ ಕಟ್ಟಿಸಿಕೊಂಡವಳಿಗೆ ಮಾತ್ರವಲ್ಲ, ಮದುವೆಯಂಥ ಸಂಬಂಧದಲ್ಲಿ ಒಂದೇ ಮನೆಯಲ್ಲಿ ಬಾಳಿದವಳಿಗೂ ರಕ್ಷಣೆ ಕೊಡುತ್ತದೆ. ಆದರೆ 2013ರಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಂಡಸಿಗೆ ಮದುವೆಯಾಗಿದೆ ಎಂದು ತಿಳಿದೂ ಜೊತೆಗಿದ್ದವಳ ಸಂಬಂಧ ಈ ಲೆಕ್ಕಕ್ಕೆ ಬರುವುದಿಲ್ಲ ಎಂದಿತು. ಮೊದಲ ಹೆಂಡತಿಯ ಹಕ್ಕು ಕಾಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅವಳೂ ನಮ್ಮವಳೇ. ಆದರೆ ನಡುವೆ ನಿಂತು ಎರಡು ಮನೆಯ ಊಟ ಮಾಡಿದವನಿಗೆ ಏನು ತಾಕಿತು? ಹೆಂಡತಿಗೆ ಅವಮಾನ, ಇವಳಿಗೆ ಬೀದಿ, ಅವನು ಮಾತ್ರ ಮರುದಿನ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಾನೆ. ಕಾನೂನು ಬಿಟ್ಟುಹೋದ ಹೆಣ್ಣನ್ನು ಸಂಘವೂ ಬಿಟ್ಟರೆ ಅವಳ ಬಾಡಿಗೆ ಕಟ್ಟುವವನು ಅವನೊಬ್ಬನೇ ಉಳಿಯುತ್ತಾನೆ. ಅವನ ಹಿಡಿತ ಬಿಗಿಯಾಗುವುದು ಹಾಗೆ. ವಾರಕ್ಕೆ ಐವತ್ತು ರೂಪಾಯಿ ಉಳಿತಾಯ, ವರ್ಷ ಕಳೆದ ಮೇಲೆ ಒಂದು ಸಣ್ಣ ಸಾಲ, ತನ್ನದೇ ಹೆಸರಿನ ಬಾಡಿಗೆ ಚೀಟಿ. ಅವನು ಬೇಕೋ ಬೇಡವೋ ಎಂದು ಅವಳು ಯೋಚಿಸಲು ಆಗುವುದು ಅದಾದ ಮೇಲೆ.

ಇದನ್ನೇ ಮುಂದಿನ ವಾರದ ಸಭೆಯಲ್ಲಿ ಹೇಳಿದೆ. ಇಷ್ಟು ಚಂದವಾಗಿ ಹೇಳಲಾಗಲಿಲ್ಲ, ಧ್ವನಿ ನಡುಗಿತು.

"ಸಿನಿಮಾದೋಳ ಮಾತು ಬೇರೆ, ಇವಳ ಮಾತು ಬೇರೆ ಬಿಡ್ರಿ ಮೇಡಂ" ಎಂದರು ಒಬ್ಬರು.

"ಏನು ಬೇರೆ?" ಎಂದು ನಾನು ಕೇಳುವ ಮೊದಲೇ, ಮೂಲೆಯಲ್ಲಿ ಕೂತಿದ್ದ ಹಿರಿಯ ಸದಸ್ಯೆ, ಹೆಬ್ಬೆಟ್ಟು ಒತ್ತುವವರು, ಬಾಯಿ ಬಿಟ್ಟರು. "ಸಿನಿಮಾದೋಳು ಸತ್ತವಳೆ, ಅದಕ್ಕೆ ಅಳ್ತೀವಿ. ಇವಳು ಬದುಕವಳೆ, ಅದಕ್ಕೆ ಬೈತೀವಿ."

ಯಾರೂ ಮಾತಾಡಲಿಲ್ಲ. ಅಧ್ಯಕ್ಷೆ ಅರ್ಜಿಯನ್ನು ಮತ್ತೆ ಚೀಲದಿಂದ ತೆಗೆದು ನನ್ನ ಮುಂದೆ ಇಟ್ಟರು. ಕೈ ಎತ್ತಿದವರು ಒಂಬತ್ತು, ಎತ್ತದವರು ಆರು. ನಮ್ಮ ಸಂಘದ ನಿಯಮದಲ್ಲಿ ಹೊಸಬರನ್ನು ಸೇರಿಸಲು ಹತ್ತು ಜನ ಒಪ್ಪಬೇಕು. ಹಾಗಾಗಿ ಬರುವ ಮಂಗಳವಾರಕ್ಕೆ ಹೋಗಿದೆ. ಆರು ಜನರಲ್ಲಿ ಇಬ್ಬರು ನಮ್ಮ ಬೀದಿಯವರೇ, ಭಾನುವಾರ ಅವರ ಮನೆಗೆ ಹೋಗಿ ಕೂತು ಮಾತಾಡಬೇಕೆಂದಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ಹದಿನಾರನೆಯ ಹೆಸರಿಗೆ ಗೆರೆ ಎಳೆದು ಜಾಗ ಬಿಟ್ಟಿದ್ದೇನೆ.